ಒಂದು ವಿಧಾನಸಭಾ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಬರೆಯುವ ಬಗೆ: ಕೊಳ್ಳೇಗಾಲವನ್ನು ಮುಂದಿಟ್ಟುಕೊಂಡು

ತಮ್ಮ ಊರಿನ ವಿಧಾನಸಭಾ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಬರೆಯಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ 1952ರಿಂದ ಇಂದಿನವರೆಗೆ ಗೆದ್ದವರ ಹೆಸರುಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳುವುದು. ಆ ಪಟ್ಟಿ ಬೇಕೇ ಬೇಕು, ಆದರೆ ಅದನ್ನು ಮೊದಲು ಮಾಡಿಕೊಂಡರೆ ಮುಂದಿನ ಕೆಲಸವೆಲ್ಲ ದಾರಿ ತಪ್ಪುವ ಸಂಭವ ಹೆಚ್ಚು. ಏಕೆಂದರೆ ಕ್ಷೇತ್ರದ ಹೆಸರು ಎಪ್ಪತ್ತು ವರ್ಷ ಒಂದೇ ಆಗಿ ಉಳಿದಿದ್ದರೂ ಆ ಹೆಸರಿನ ಅಡಿಯಲ್ಲಿ ಮತ ಹಾಕಿದ ಹಳ್ಳಿಗಳು ಒಂದೇ ಆಗಿ ಉಳಿದಿರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಗಡಿಯಿಂದ ಆರಂಭಿಸಿ, ಅಂಕಿಅಂಶಗಳಿಗೆ ಬಂದು, ಆಮೇಲೆ ವ್ಯಕ್ತಿಗಳ ಹಾಗೂ ಪಕ್ಷಗಳ ಕಡೆಗೆ ಹೋಗುವ ಕ್ರಮವನ್ನು ಸೂಚಿಸಿದ್ದೇನೆ. ಉದಾಹರಣೆಗೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲವನ್ನು ಆಯ್ದುಕೊಂಡಿದ್ದೇನೆ. ರಾಜ್ಯ ಬದಲಾಗುವುದು, ಜಿಲ್ಲೆ ಬದಲಾಗುವುದು, ಪಕ್ಕದ ಕ್ಷೇತ್ರವೊಂದು ಅಳಿದುಹೋಗುವುದು, ಅವಧಿಯ ನಡುವೆ ಉಪಚುನಾವಣೆ ಬರುವುದು, ಗೆದ್ದವರು ಪಕ್ಷ ಬದಲಿಸುವುದು ಇವೆಲ್ಲವೂ ಈ ಒಂದೇ ಕ್ಷೇತ್ರದ ಸುತ್ತ ನಡೆದಿವೆ.

ಮೊದಲು ಗಡಿ

ಕರ್ನಾಟಕದ ವಿಧಾನಸಭಾ ಚುನಾವಣೆಗಳನ್ನು ಒಂದೇ ಉದ್ದನೆಯ ಸರಣಿಯೆಂದು ನೋಡಬಾರದು. ಗಡಿಗಳು ಸ್ಥಿರವಾಗಿದ್ದ ಕಾಲಾವಧಿಗಳನ್ನಾಗಿ ಅವುಗಳನ್ನು ಒಡೆದುಕೊಳ್ಳಬೇಕು. 1952ರ ಚುನಾವಣೆ ನಡೆದದ್ದು 99 ಸ್ಥಾನಗಳ ಹಳೆಯ ಮೈಸೂರು ರಾಜ್ಯದಲ್ಲಿ. 1956ರ ನವೆಂಬರ್ 1ರ ರಾಜ್ಯ ಪುನರ್‌ವಿಂಗಡಣೆಯ ನಂತರ 1957 ಮತ್ತು 1962ರ ಚುನಾವಣೆಗಳು 208 ಸ್ಥಾನಗಳಿಗೆ ನಡೆದವು. ಆದರೆ ಇವೆರಡೂ ಒಂದೇ ನಕ್ಷೆಯ ಮೇಲೆ ನಡೆದವುಗಳಲ್ಲ, ಏಕೆಂದರೆ 1957ರಲ್ಲಿ ಇದ್ದ ದ್ವಿಸದಸ್ಯ ಕ್ಷೇತ್ರಗಳನ್ನು 1961ರ ಕಾಯಿದೆಯ ಪ್ರಕಾರ ಒಡೆಯಲಾಯಿತು. 1967 ಮತ್ತು 1972ರಲ್ಲಿ 216 ಸ್ಥಾನಗಳು. 1978ರಿಂದ 2004ರವರೆಗಿನ ಏಳು ಸಾರ್ವತ್ರಿಕ ಚುನಾವಣೆಗಳು 1971ರ ಜನಗಣತಿಯನ್ನು ಆಧರಿಸಿದ ಒಂದೇ ಕ್ಷೇತ್ರ ವಿಂಗಡಣೆಯ ಮೇಲೆ, 224 ಸ್ಥಾನಗಳಿಗೆ ನಡೆದವು. 2008ರಿಂದ 2023ರವರೆಗಿನ ನಾಲ್ಕು ಚುನಾವಣೆಗಳಿಗೆ 2001ರ ಜನಗಣತಿಯ ಮೇಲಿನ ವಿಂಗಡಣೆ ಆಧಾರ. ಸ್ಥಾನಗಳ ಒಟ್ಟು ಸಂಖ್ಯೆ 224 ಆಗಿಯೇ ಉಳಿದದ್ದರಿಂದ 2008ರಲ್ಲಿ ಹೆಚ್ಚೇನೂ ಬದಲಾಗಲಿಲ್ಲ ಎಂಬ ಭ್ರಮೆ ಹುಟ್ಟುವುದುಂಟು. ವಾಸ್ತವದಲ್ಲಿ ಆ ವರ್ಷ ಅನೇಕ ಹಳೆಯ ಕ್ಷೇತ್ರಗಳು ಅಳಿದು ಹೊಸವು ಹುಟ್ಟಿದವು, ಪರಿಶಿಷ್ಟ ಪಂಗಡಗಳ ಮೀಸಲು ಸ್ಥಾನಗಳು ಎರಡರಿಂದ ಹದಿನೈದಕ್ಕೆ ಏರಿದವು, ಕ್ಷೇತ್ರಗಳ ಕ್ರಮಸಂಖ್ಯೆಗಳು ಕೂಡ ಪೂರ್ತಿ ಬದಲಾದವು. ಅದುವರೆಗೆ ಔರಾದ್‌ನಿಂದ ಶುರುವಾಗುತ್ತಿದ್ದ ಪಟ್ಟಿ ಆಮೇಲೆ ನಿಪ್ಪಾಣಿಯಿಂದ ಶುರುವಾಗುತ್ತದೆ. ಹೀಗಾಗಿ ಕ್ರಮಸಂಖ್ಯೆಯನ್ನು ನಂಬಿ ಎರಡು ಕಾಲದ ಕಡತಗಳನ್ನು ಜೋಡಿಸುವುದು ಅಪಾಯಕರ.

ಕೊಳ್ಳೇಗಾಲದ ವಿಷಯದಲ್ಲಿ ಈ ಕೆಲಸ ಇನ್ನೂ ಒಂದು ಹೆಜ್ಜೆ ಹಿಂದಿನಿಂದ ಶುರುವಾಗುತ್ತದೆ. 1956ರವರೆಗೆ ಆ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ಮೊದಲ ಸಾರ್ವತ್ರಿಕ ಚುನಾವಣೆಯ ಅಂಕಿಗಳಿಗಾಗಿ ಮೈಸೂರು ರಾಜ್ಯದ ವರದಿಯನ್ನು ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಮದ್ರಾಸಿನ ವರದಿಯನ್ನು ತೆರೆಯಬೇಕು. ಇದೇ ಮಾತು ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದ ಕ್ಷೇತ್ರಗಳಿಗೆ ಮುಂಬಯಿ ರಾಜ್ಯದ ವರದಿಯ ವಿಷಯದಲ್ಲೂ, ಬೀದರ್, ಕಲಬುರಗಿ, ರಾಯಚೂರಿಗೆ ಹೈದರಾಬಾದಿನ ವರದಿಯ ವಿಷಯದಲ್ಲೂ, ಕೊಡಗಿಗೆ ಅದರದೇ 24 ಸ್ಥಾನಗಳ ವಿಧಾನಸಭೆಯ ವಿಷಯದಲ್ಲೂ ಅನ್ವಯಿಸುತ್ತದೆ. ಮೊದಲ ಚುನಾವಣೆಯನ್ನು ಚುನಾವಣಾ ಆಯೋಗದ ವರದಿಗಳು 1951 ಎಂದು ಗುರುತಿಸುತ್ತವೆ ಎಂಬುದನ್ನೂ ನೆನಪಿಡಬೇಕು. 1952 ಎಂದು ಹುಡುಕಿ, ಸಿಗಲಿಲ್ಲವೆಂದು ಕೈಬಿಟ್ಟವರುಂಟು. ಜಿಲ್ಲೆಯ ಹೆಸರೂ ಹೀಗೆಯೇ. ಪುನರ್‌ವಿಂಗಡಣೆಯ ನಂತರ ಕೊಳ್ಳೇಗಾಲ ಮೈಸೂರು ಜಿಲ್ಲೆಯಲ್ಲಿತ್ತು, 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಅದರೊಳಗೆ ಬಂದಿತು. ಒಂದೇ ಊರಿನ ಕಾಗದಪತ್ರಗಳನ್ನು ಮೂರು ಜಿಲ್ಲೆಗಳ ಹೆಸರಿನಲ್ಲಿ ಹುಡುಕಬೇಕಾದ ಸ್ಥಿತಿ ಇದರಿಂದ ಒದಗಿದೆ.

ತಾಲ್ಲೂಕು ಮತ್ತು ಕ್ಷೇತ್ರ ಒಂದೇ ಎಂದು ಭಾವಿಸುವುದು ಇನ್ನೊಂದು ಸಾಮಾನ್ಯ ತೊಡಕು. ಮಲೆ ಮಹದೇಶ್ವರ ಬೆಟ್ಟವನ್ನು ಕೊಳ್ಳೇಗಾಲದೊಂದಿಗೆ ಸೇರಿಸಿ ಹೇಳುವುದು ರೂಢಿ. ಆದರೆ ಚುನಾವಣೆಯ ದೃಷ್ಟಿಯಿಂದ ಅದು ಹನೂರು ಕ್ಷೇತ್ರ. ಇತ್ತ, ಯಳಂದೂರು ಬೇರೆಯೇ ತಾಲ್ಲೂಕಾದರೂ 2008ರಿಂದ ಅದು ಕೊಳ್ಳೇಗಾಲ ಕ್ಷೇತ್ರದ ಒಳಗಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳ (ಹಾಡಿಗಳ) ಮತಗಟ್ಟೆಗಳೂ ಅದರೊಂದಿಗೇ ಬಂದಿವೆ. ಗಡಿಯನ್ನು ಖಚಿತವಾಗಿ ತಿಳಿಯಲು ಇರುವ ಏಕೈಕ ಅಧಿಕೃತ ಆಧಾರವೆಂದರೆ ಕ್ಷೇತ್ರ ಪುನರ್‌ವಿಂಗಡಣಾ ಆಯೋಗದ ಆದೇಶ. ಅದರಲ್ಲಿ ಪ್ರತಿ ಕ್ಷೇತ್ರದ ಮುಂದೆ ತಾಲ್ಲೂಕು, ಹೋಬಳಿ, ಕೆಲವೆಡೆ ಗ್ರಾಮಲೆಕ್ಕಿಗರ ವೃತ್ತ ಮತ್ತು ಪುರಸಭೆಯ ವಿವರ ಇರುತ್ತದೆ. ಹೋಬಳಿಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿ ಕಾಲಾವಧಿಯಲ್ಲಿ ಆ ಹೋಬಳಿ ಯಾವ ಕ್ಷೇತ್ರಕ್ಕೆ ಸೇರಿತ್ತೆಂದು ಅದರ ಮುಂದೆ ಗುರುತು ಮಾಡಿಕೊಂಡರೆ ಇಡೀ ಚರಿತ್ರೆಯ ಅಡಿಪಾಯ ಸಿದ್ಧವಾದಂತೆ. ಬೇಸರ ತರಿಸುವ ಕೆಲಸವಿದು, ಆದರೆ ಇದನ್ನು ಬಿಟ್ಟು ಬರೆದ ಕ್ಷೇತ್ರ ಪರಿಚಯಗಳೇ ಪತ್ರಿಕೆಗಳಲ್ಲಿ ಚುನಾವಣೆಯಿಂದ ಚುನಾವಣೆಗೆ ಮರುಮುದ್ರಣವಾಗುತ್ತಿರುವುದನ್ನು ಕಂಡರೆ ಇದರ ಬೆಲೆ ತಿಳಿಯುತ್ತದೆ.

ಅಂಕಿಗಳನ್ನು ಬರೆದುಕೊಳ್ಳುವಾಗ

ಪ್ರತಿ ಸಾರ್ವತ್ರಿಕ ಚುನಾವಣೆಗೂ ಭಾರತದ ಚುನಾವಣಾ ಆಯೋಗ ಅಂಕಿಅಂಶಗಳ ವರದಿಯನ್ನು ಪ್ರಕಟಿಸಿದೆ. ಆಯೋಗದ ಜಾಲತಾಣದಲ್ಲಿ ಅವು ಉಚಿತವಾಗಿ ದೊರೆಯುತ್ತವೆ. ಇತ್ತೀಚಿನ ಚುನಾವಣೆಗಳ ಮತಗಟ್ಟೆವಾರು ಫಲಿತಾಂಶ ನಮೂನೆ 20 ಎಂಬ ಅಂತಿಮ ಫಲಿತಾಂಶ ಪಟ್ಟಿಯಲ್ಲಿರುತ್ತದೆ, ಅದನ್ನು ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಕಚೇರಿ ಒದಗಿಸುತ್ತದೆ. ಈ ಎರಡನ್ನು ಬಿಟ್ಟು ಇತರ ಯಾವುದೇ ಜಾಲತಾಣದಿಂದ ಅಂಕಿಯನ್ನು ತೆಗೆದುಕೊಂಡರೂ ಮೂಲದೊಂದಿಗೆ ತಾಳೆ ನೋಡದೆ ಬಳಸಬಾರದು.

ಪ್ರತಿ ಚುನಾವಣೆಗೆ ಗೆದ್ದವರ ಹೆಸರು ಮತ್ತು ಪಕ್ಷವನ್ನಷ್ಟೇ ಬರೆದುಕೊಂಡರೆ ಸಾಲದು. ಒಟ್ಟು ಮತದಾರರು, ಚಲಾವಣೆಯಾದ ಮತಗಳು, ಅವುಗಳಲ್ಲಿ ಸಿಂಧುವಾದವು, ಮೊದಲ ಮೂವರು ಅಭ್ಯರ್ಥಿಗಳು ಪಡೆದ ಮತಗಳು, ಕಣದಲ್ಲಿದ್ದವರ ಸಂಖ್ಯೆ, ಠೇವಣಿ ಉಳಿಸಿಕೊಂಡವರ ಸಂಖ್ಯೆ ಇಷ್ಟನ್ನಾದರೂ ದಾಖಲಿಸಬೇಕು. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಎಷ್ಟು ಅಭ್ಯರ್ಥಿಗಳು ಠೇವಣಿ ಉಳಿಸಿಕೊಂಡರು ಎಂಬ ಒಂದೇ ಅಂಕಿಯಿಂದ ಅದು ನೇರ ಹಣಾಹಣಿಯೋ ತ್ರಿಕೋನ ಸ್ಪರ್ಧೆಯೋ ಎಂಬುದು ತಕ್ಷಣ ತಿಳಿದುಬಿಡುತ್ತದೆ.

ವರ್ಷದಿಂದ ವರ್ಷಕ್ಕೆ ಅಂಕಿಗಳನ್ನು ಹೋಲಿಸುವಾಗ ನಿಯಮಗಳು ಬದಲಾದ ಜಾಗಗಳನ್ನು ಮರೆಯಬಾರದು. ದ್ವಿಸದಸ್ಯ ಕ್ಷೇತ್ರಗಳಲ್ಲಿ ಪ್ರತಿ ಮತದಾರನಿಗೆ ಎರಡು ಮತಗಳಿದ್ದವು. ಅಲ್ಲಿ ಚಲಾವಣೆಯಾದ ಮತಗಳನ್ನು ಮತದಾರರ ಸಂಖ್ಯೆಯಿಂದ ನೇರವಾಗಿ ಭಾಗಿಸಿದರೆ ಶೇಕಡಾವಾರು ಮತದಾನ ಹಾಸ್ಯಾಸ್ಪದವಾಗಿ ಬರುತ್ತದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ಮತದಾರರ ಪಟ್ಟಿ ಒಮ್ಮೆಗೇ ಹಿಗ್ಗಿದ್ದಕ್ಕೆ ವಲಸೆಯನ್ನೋ ಊರಿನ ಬೆಳವಣಿಗೆಯನ್ನೋ ಕಾರಣವಾಗಿ ಹೇಳುವುದು ತಪ್ಪಾದೀತು. ರಾಜ್ಯವಿಡೀ ಮತಯಂತ್ರದಲ್ಲಿ ಮತ ಹಾಕಿದ್ದು 2004ರಲ್ಲಿ; ಅದಕ್ಕೆ ಮೊದಲಿನ ಮತಪತ್ರಗಳ ಕಾಲದಲ್ಲಿ ತಿರಸ್ಕೃತ ಮತಗಳು ಗಣನೀಯವಾಗಿರುತ್ತಿದ್ದವು, ಗೆಲುವಿನ ಅಂತರಕ್ಕಿಂತ ತಿರಸ್ಕೃತ ಮತಗಳೇ ಹೆಚ್ಚಾಗಿದ್ದ ಕ್ಷೇತ್ರಗಳೂ ಸಿಗುತ್ತವೆ. ನೋಟಾ ಬಂದದ್ದು ಸುಪ್ರೀಂ ಕೋರ್ಟಿನ 2013ರ ಸೆಪ್ಟೆಂಬರ್ ತೀರ್ಪಿನ ನಂತರ. ಅಂದರೆ ಅದೇ ವರ್ಷದ ಮೇ ತಿಂಗಳಲ್ಲಿ ನಡೆದ ಕರ್ನಾಟಕದ ಚುನಾವಣೆಯಲ್ಲಿ ಅದು ಇರಲಿಲ್ಲ, ನಮ್ಮ ವಿಧಾನಸಭಾ ಸಾರ್ವತ್ರಿಕ ಚುನಾವಣೆಗಳಲ್ಲಿ ಅದು ಮೊದಲು ಕಾಣಿಸಿಕೊಂಡದ್ದು 2018ರಲ್ಲಿ. ಹಾಗೆಯೇ 1989, 1999 ಮತ್ತು 2004ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಪಕ್ಷಗಳ ಸಂಕ್ಷಿಪ್ತ ಹೆಸರುಗಳು ಮಾಡುವ ಅನಾಹುತ ಇವೆಲ್ಲಕ್ಕಿಂತ ದೊಡ್ಡದು. ಆಯೋಗದ 1972ರ ವರದಿಯಲ್ಲಿ ಐಎನ್‌ಸಿ ಎಂದರೆ ಇಂದಿರಾ ಗಾಂಧಿಯವರ ಕಾಂಗ್ರೆಸ್, ಎನ್‌ಸಿಒ ಎಂದರೆ ಸಂಸ್ಥಾ ಕಾಂಗ್ರೆಸ್. ಆದರೆ 1978ರ ವರದಿಯಲ್ಲಿ ಇಂದಿರಾ ಗಾಂಧಿಯವರ ಪಕ್ಷ ಐಎನ್‌ಸಿ(ಐ) ಎಂದಿದ್ದು, ಬರೀ ಐಎನ್‌ಸಿ ಎಂದಿರುವುದು ಅವರನ್ನು ವಿರೋಧಿಸಿದ ಬಣ. ಆ ಚುನಾವಣೆಯಲ್ಲಿ ಮೊದಲನೆಯದಕ್ಕೆ 149 ಸ್ಥಾನ ಬಂದರೆ ಎರಡನೆಯದಕ್ಕೆ ಬಂದದ್ದು ಎರಡೇ. ಎರಡೂ ವರ್ಷಗಳ ಐಎನ್‌ಸಿಯನ್ನು ಒಂದೇ ಕಂಬಸಾಲಿನಲ್ಲಿ ಇಟ್ಟವನು ಕಾಂಗ್ರೆಸ್ ಕುಸಿಯಿತು ಎಂದು ಬರೆಯುತ್ತಾನೆ, ವಾಸ್ತವದಲ್ಲಿ ದೇವರಾಜ ಅರಸರ ನೇತೃತ್ವದಲ್ಲಿ ಅದು ಭರ್ಜರಿಯಾಗಿ ಗೆದ್ದಿತ್ತು. ಜನತಾ ಪರಿವಾರದ ಒಡಕುಗಳ ಬಗ್ಗೆಯೂ ಇಷ್ಟೇ ಎಚ್ಚರ ಬೇಕು. ಮೈಸೂರಿನ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸಿದ್ದರಾಮಯ್ಯನವರು 1983ರಲ್ಲಿ ಲೋಕದಳದಿಂದ, 1985ರಲ್ಲಿ ಜನತಾ ಪಕ್ಷದಿಂದ, 1994ರಲ್ಲಿ ಜನತಾದಳದಿಂದ, 2004ರಲ್ಲಿ ಜಾತ್ಯತೀತ ಜನತಾದಳದಿಂದ, 2006ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಪಕ್ಷದ ಕಂಬಸಾಲನ್ನಷ್ಟೇ ಓದಿದರೆ ಆ ಕ್ಷೇತ್ರ ಚಂಚಲವಾದುದು ಎನ್ನಿಸುತ್ತದೆ. ಅಭ್ಯರ್ಥಿಯ ಕಂಬಸಾಲನ್ನು ಓದಿದರೆ ತೀರ್ಮಾನ ಬೇರೆಯಾಗುತ್ತದೆ. 1989 ಮತ್ತು 1999ರಲ್ಲಿ ಅವರು ಅಲ್ಲಿಯೇ ಸೋತದ್ದನ್ನೂ ಸೇರಿಸಿಕೊಂಡಾಗ ಮಾತ್ರ ಚಿತ್ರ ಪೂರ್ಣವಾಗುತ್ತದೆ.

ಉಪಚುನಾವಣೆಗಳು

ಸಾರ್ವತ್ರಿಕ ಚುನಾವಣೆಯ ವರದಿಗಳಲ್ಲಿ ಉಪಚುನಾವಣೆಗಳ ಫಲಿತಾಂಶ ಇರುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ಹುಡುಕದಿದ್ದರೆ ಕ್ಷೇತ್ರದ ಚರಿತ್ರೆಯಲ್ಲಿ ಅತ್ಯಂತ ತುರುಸಿನಿಂದ ನಡೆದ ಚುನಾವಣೆಯೇ ಬಿಟ್ಟುಹೋಗಬಹುದು. ಚಾಮುಂಡೇಶ್ವರಿಯಲ್ಲಿ 2006ರ ಡಿಸೆಂಬರ್‌ನಲ್ಲಿ ಕೇವಲ 257 ಮತಗಳ ಅಂತರದಲ್ಲಿ ತೀರ್ಮಾನವಾದ ಉಪಚುನಾವಣೆ 2004ರ ವರದಿಯಲ್ಲೂ ಇಲ್ಲ, 2008ರ ವರದಿಯಲ್ಲೂ ಇಲ್ಲ. ಕೊಳ್ಳೇಗಾಲದಲ್ಲಿ 2008ರಲ್ಲಿ ಗೆದ್ದ ಆರ್. ಧ್ರುವನಾರಾಯಣ ಅವರು 2009ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಆಯ್ಕೆಯಾಗಿ ವಿಧಾನಸಭಾ ಸ್ಥಾನ ತೆರವು ಮಾಡಿದರು. ಆ ವರ್ಷದ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ ಗೆದ್ದರು. ಈ ಸಾಲನ್ನು ಬಿಟ್ಟರೆ 2008 ಮತ್ತು 2013ರ ಕಾಂಗ್ರೆಸ್ ಗೆಲುವುಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ನಾಲ್ಕು ವರ್ಷ ಕ್ಷೇತ್ರ ಇನ್ನೊಂದು ಪಕ್ಷದ ಕೈಯಲ್ಲಿತ್ತು ಎಂಬುದೇ ಮರೆಯಾಗುತ್ತದೆ.

ಸ್ಥಾನ ಏಕೆ ತೆರವಾಯಿತು ಎಂಬುದನ್ನು ಪ್ರತಿ ಉಪಚುನಾವಣೆಯ ಮುಂದೆ ಬರೆಯಬೇಕು: ನಿಧನ, ರಾಜೀನಾಮೆ, ಅನರ್ಹತೆ, ನ್ಯಾಯಾಲಯದ ತೀರ್ಪು. ತೆರವಾದ ದಿನಕ್ಕೂ ಚುನಾವಣೆ ನಡೆದ ದಿನಕ್ಕೂ ನಡುವಿನ ಅಂತರ ಹೆಚ್ಚಾಗಿದ್ದರೆ ಅದರ ಹಿಂದೆ ಒಂದು ವ್ಯಾಜ್ಯ ಇರುವ ಸಾಧ್ಯತೆ ಹೆಚ್ಚು. 2018ರಲ್ಲಿ ಮಸ್ಕಿ ಕ್ಷೇತ್ರದ ಫಲಿತಾಂಶ 213 ಮತಗಳ ಅಂತರದ್ದಾಗಿದ್ದು ನ್ಯಾಯಾಲಯಕ್ಕೆ ಹೋಗಿತ್ತು. ಆ ಕಾರಣದಿಂದ 2019ರ ಡಿಸೆಂಬರ್‌ನಲ್ಲಿ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಮಸ್ಕಿ ಅದರಿಂದ ಹೊರಗುಳಿದು, 2021ರಲ್ಲಷ್ಟೇ ಅಲ್ಲಿ ಮತದಾನ ನಡೆಯಿತು. ಚುನಾವಣಾ ತಕರಾರು ಅರ್ಜಿಗಳನ್ನು ಫಲಿತಾಂಶದಿಂದ 45 ದಿನಗಳೊಳಗೆ ಹೈಕೋರ್ಟಿಗೆ ಸಲ್ಲಿಸಬೇಕು. ತೀರ್ಪುಗಳಲ್ಲಿ ಎಣಿಕೆಯ ಕೊಠಡಿಯಲ್ಲಿ ಏನಾಯಿತೆಂಬುದರ ವಿವರ ಎಷ್ಟು ಸೂಕ್ಷ್ಮವಾಗಿ ಇರುತ್ತದೆಂದರೆ, ಬೇರೆ ಯಾವ ಮೂಲವೂ ಅದನ್ನು ಕೊಡಲಾರದು. ಅಂತರ ಕಡಿಮೆ ಇದ್ದ ಪ್ರತಿ ಚುನಾವಣೆಗೂ ಇಂಥ ಅರ್ಜಿ ಇತ್ತೇ ಎಂದು ನೋಡಲೇಬೇಕು.

ಸೋತವರನ್ನು ಹಿಂಬಾಲಿಸುವುದು

ನನ್ನ ದೃಷ್ಟಿಯಲ್ಲಿ ಈ ಬಗೆಯ ಚರಿತ್ರೆಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಎರಡನೆಯ ಸ್ಥಾನ. ಕೊಳ್ಳೇಗಾಲದ ಉದಾಹರಣೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಬರೀ ಗೆದ್ದವರ ಪಟ್ಟಿ ಹೀಗಿದೆ: 2004ರಲ್ಲಿ ಪಕ್ಷೇತರರಾಗಿ ಎಸ್. ಬಾಲರಾಜ್, 2008ರಲ್ಲಿ ಕಾಂಗ್ರೆಸ್ಸಿನ ಧ್ರುವನಾರಾಯಣ, 2009ರ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ, 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ, 2018ರಲ್ಲಿ ಬಹುಜನ ಸಮಾಜ ಪಕ್ಷದ ಎನ್. ಮಹೇಶ್, 2023ರಲ್ಲಿ ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿ. ಈ ಪಟ್ಟಿಯನ್ನು ಓದಿದವರಿಗೆ 2008ರಲ್ಲಿ ಧ್ರುವನಾರಾಯಣ ಎಲ್ಲಿಂದಲೋ ಬಂದು ಗೆದ್ದಂತೆಯೂ, 2023ರಲ್ಲಿ ಕೃಷ್ಣಮೂರ್ತಿ ಹೊಸ ಮುಖವಾಗಿ ಕಾಣಿಸಿಕೊಂಡಂತೆಯೂ ತೋರುತ್ತದೆ. ಪಕ್ಕದಲ್ಲಿದ್ದ ಸಂತೇಮರಹಳ್ಳಿ ಎಂಬ ಮೀಸಲು ಕ್ಷೇತ್ರದ ಕಡತವನ್ನು ತೆರೆದರೆ ಮಾತ್ರ ಇದಕ್ಕೆ ಅರ್ಥ ಬರುತ್ತದೆ.

ಸಂತೇಮರಹಳ್ಳಿಯಲ್ಲಿ 2004ರಲ್ಲಿ ಧ್ರುವನಾರಾಯಣ 40,752 ಮತಗಳನ್ನೂ, ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ 40,751 ಮತಗಳನ್ನೂ ಪಡೆದರು. ಒಂದೇ ಮತದ ಅಂತರ. ಕೃಷ್ಣಮೂರ್ತಿಯವರು ಆ ಭಾಗದ ಹಿರಿಯ ರಾಜಕಾರಣಿ, ಕೇರಳದ ರಾಜ್ಯಪಾಲರೂ ಆಗಿದ್ದ ಬಿ. ರಾಚಯ್ಯನವರ ಮಗ ಎಂಬುದರಿಂದ ಆ ಸೋಲಿಗೆ ಇನ್ನೂ ಒಂದು ಅರ್ಥವಿತ್ತು. ನಾಲ್ಕೇ ವರ್ಷಗಳಲ್ಲಿ ಹೊಸ ವಿಂಗಡಣೆ ಸಂತೇಮರಹಳ್ಳಿ ಕ್ಷೇತ್ರವನ್ನೇ ಅಳಿಸಿಹಾಕಿತು. ಅದರ ಮತದಾರರಲ್ಲಿ ದೊಡ್ಡ ಭಾಗ ಕೊಳ್ಳೇಗಾಲಕ್ಕೆ ಸೇರಿತು. ಆದ್ದರಿಂದ 2008ರ ಕೊಳ್ಳೇಗಾಲದ ಫಲಿತಾಂಶವನ್ನು 2004ರ ಕೊಳ್ಳೇಗಾಲದ ಫಲಿತಾಂಶದ ಮುಂದುವರಿಕೆಯೆಂದು ಓದುವುದಕ್ಕಿಂತ 2004ರ ಸಂತೇಮರಹಳ್ಳಿಯ ಮುಂದುವರಿಕೆಯೆಂದು ಓದುವುದೇ ಹೆಚ್ಚು ಸರಿಯಾದೀತು. ಕೃಷ್ಣಮೂರ್ತಿಯವರು 2018ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಕೊಳ್ಳೇಗಾಲದಲ್ಲಿ ಮಹೇಶ್ ಅವರೆದುರು ಸೋತು, 2023ರಲ್ಲಿ ಅದೇ ಮಹೇಶ್ ಅವರನ್ನು ಐವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 2004ರ ಒಂದು ಮತದಿಂದ 2023ರವರೆಗಿನ ಈ ಎಳೆ ಎರಡು ಕ್ಷೇತ್ರಗಳ ಹೆಸರುಗಳಲ್ಲಿ ಹರಿದುಹೋಗಿದೆ. ಒಂದು ಹೆಸರಿಗೆ ಕಟ್ಟುಬಿದ್ದವರಿಗೆ ಅದು ಕಾಣುವುದೇ ಇಲ್ಲ. ಚಾಮುಂಡೇಶ್ವರಿಯ ಒಂದು ಭಾಗ 2008ರಲ್ಲಿ ಹೊಸ ವರುಣಾ ಕ್ಷೇತ್ರಕ್ಕೆ ಹೋದದ್ದನ್ನೂ, ಸಿದ್ದರಾಮಯ್ಯನವರು ಅಲ್ಲಿಗೆ ಹೋದದ್ದನ್ನೂ, 2018ರಲ್ಲಿ ಚಾಮುಂಡೇಶ್ವರಿಗೆ ಮರಳಿದಾಗ 36,042 ಮತಗಳಿಂದ ಸೋತದ್ದನ್ನೂ ಇದೇ ರೀತಿ ಓದಬೇಕು. ಅವರು ಮರಳಿದ ಚಾಮುಂಡೇಶ್ವರಿ ಅವರು ಬಿಟ್ಟುಹೋದ ಚಾಮುಂಡೇಶ್ವರಿಯಾಗಿರಲಿಲ್ಲ.

ಒಂದು ಮತದ ಸೋಲಿನ ಸುತ್ತ ಒಂದು ಕತೆ ಬೆಳೆದಿದೆ: ಅಭ್ಯರ್ಥಿಯ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವು ಸಿಗಲಿಲ್ಲ ಎಂಬುದು ಅದು. ಮತದಾನ ಜಾಗೃತಿಯ ಭಾಷಣಗಳಲ್ಲಿ ಇದು ಪದೇ ಪದೇ ಕೇಳಿಬರುತ್ತದೆ. ಚರಿತ್ರೆ ಬರೆಯುವವರು ಇಂಥದ್ದನ್ನು ಬಿಡಬೇಕಾಗಿಲ್ಲ, ಆದರೆ ಹೇಳಿಕೆಯೆಂದೇ ಹೇಳಿ, ಮತಗಳ ಅಂಕಿಯ ಸಾಲಿನಿಂದ ದೂರ ಇಡಬೇಕು.

ಗೆಲುವಿನ ಅಂತರವನ್ನು ಸಿಂಧು ಮತಗಳ ಶೇಕಡಾವಾರಿನಲ್ಲಿ ಲೆಕ್ಕ ಹಾಕುವುದು ಅವಶ್ಯಕ. 1957ರಲ್ಲಿ ಐದು ಸಾವಿರದ ಅಂತರ ಮತ್ತು 2023ರಲ್ಲಿ ಐದು ಸಾವಿರದ ಅಂತರ ಒಂದೇ ಅಲ್ಲ. ಮತದಾರರ ಸಂಖ್ಯೆ ಅಷ್ಟರಮಟ್ಟಿಗೆ ಬೆಳೆದಿದೆ.

ಮೈತ್ರಿ ಮತ್ತು ಪಕ್ಷಾಂತರ

ಮಹೇಶ್ ಅವರ 2018ರ ಗೆಲುವನ್ನು ಬಿಎಸ್‌ಪಿಯ ಗೆಲುವು ಎಂದಷ್ಟೇ ಬರೆದರೆ ಅರ್ಧ ಸತ್ಯ. ಆ ಚುನಾವಣೆಯಲ್ಲಿ ಬಿಎಸ್‌ಪಿಗೂ ಜಾತ್ಯತೀತ ಜನತಾದಳಕ್ಕೂ ಚುನಾವಣಾ ಪೂರ್ವ ಹೊಂದಾಣಿಕೆ ಇತ್ತು, ಆದ್ದರಿಂದ 2013ರಲ್ಲಿ ಅವರು ಪಡೆದ ಮತಗಳನ್ನು 2018ರ ಮತಗಳೊಂದಿಗೆ ನೇರವಾಗಿ ಹೋಲಿಸಲಾಗದು. ಗೆದ್ದ ನಂತರ ಅವರು ಎಚ್.ಡಿ. ಕುಮಾರಸ್ವಾಮಿ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2019ರ ವಿಶ್ವಾಸಮತ ಯಾಚನೆಯ ವೇಳೆ ಸದನಕ್ಕೆ ಬಾರದೆ ಪಕ್ಷದಿಂದ ಉಚ್ಚಾಟಿತರಾದರು. 2021ರಲ್ಲಿ ಬಿಜೆಪಿ ಸೇರಿ, 2023ರಲ್ಲಿ ಆ ಪಕ್ಷದ ಅಭ್ಯರ್ಥಿಯಾದರು. ಹೀಗಾಗಿ ಪಟ್ಟಿಯಲ್ಲಿ ಗೆದ್ದಾಗಿನ ಪಕ್ಷ, ಅವಧಿ ಮುಗಿದಾಗಿನ ಪಕ್ಷ ಎಂಬ ಎರಡು ಕಂಬಸಾಲುಗಳನ್ನು ಇಡುವುದು ಒಳ್ಳೆಯದು. ಯಾವ ಪಕ್ಷ ಯಾವ ವರ್ಷ ಅಭ್ಯರ್ಥಿಯನ್ನೇ ಹಾಕಲಿಲ್ಲ, ಏಕೆ ಹಾಕಲಿಲ್ಲ ಎಂಬುದಕ್ಕೂ ಒಂದು ಜಾಗ ಬೇಕು. 2013ರಂಥ ವರ್ಷದಲ್ಲಿ ಬಿಜೆಪಿಯ ಮತಗಳು ಕುಸಿದದ್ದನ್ನು ನೋಡುವಾಗ ಬಿ.ಎಸ್. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ ಪಡೆದ ಮತಗಳನ್ನು ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಜಾತಿ ಲೆಕ್ಕ ಮತ್ತು ಮತಗಟ್ಟೆ ಲೆಕ್ಕ

ಪ್ರತಿ ಕ್ಷೇತ್ರ ಪರಿಚಯದ ಕೊನೆಯಲ್ಲಿ ಕಾಣಿಸುವ ಜಾತಿವಾರು ಮತದಾರರ ಅಂಕಿಗಳ ಬಗ್ಗೆ ಒಂದು ಮಾತು. ಮತದಾರರ ಪಟ್ಟಿಯಲ್ಲಿ ಜಾತಿಯ ಉಲ್ಲೇಖವಿಲ್ಲ. ಸ್ವಾತಂತ್ರ್ಯಾನಂತರದ ಜನಗಣತಿಗಳಲ್ಲಿ ಪ್ರಕಟವಾಗಿರುವುದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಸಂಖ್ಯೆ ಮಾತ್ರ, ಎಲ್ಲ ಜಾತಿಗಳನ್ನೂ ಎಣಿಸಿದ ಅಂಕಿಗಳು 1931ರವು. ಹಾಗಿರುವಾಗ ಇಂತಿಂಥ ಸಮುದಾಯದ ಇಷ್ಟು ಸಾವಿರ ಮತಗಳು ಎಂದು ದುಂಡು ಅಂಕಿಗಳಲ್ಲಿ ಬರೆಯುವುದು ಪಕ್ಷಗಳ ಕಾರ್ಯಕರ್ತರ ಅಂದಾಜನ್ನು ದಾಖಲೆಯ ಮಟ್ಟಕ್ಕೆ ಏರಿಸಿದಂತೆ. ಅಂದಾಜನ್ನು ಬಳಸಲೇಬೇಕಿದ್ದರೆ ಯಾರ ಅಂದಾಜು, ಯಾವಾಗಿನದು ಎಂದು ಹೇಳಿ ಬಳಸಬೇಕು.

ಮತಗಟ್ಟೆವಾರು ಅಂಕಿಗಳು ಇದಕ್ಕಿಂತ ಹೆಚ್ಚು ನಂಬಲರ್ಹ, ಆದರೆ ಅವಕ್ಕೂ ಮಿತಿಗಳಿವೆ. ಮತಪತ್ರಗಳ ಕಾಲದ ಅನೇಕ ಚುನಾವಣೆಗಳಲ್ಲಿ ಎಣಿಕೆಗೆ ಮೊದಲು ಬೇರೆ ಬೇರೆ ಮತಗಟ್ಟೆಗಳ ಮತಪತ್ರಗಳನ್ನು ಬೆರೆಸುವ ಪದ್ಧತಿ ಇದ್ದುದರಿಂದ ಆ ಚುನಾವಣೆಗಳಿಗೆ ಊರುವಾರು ಲೆಕ್ಕವನ್ನು ನಿರೀಕ್ಷಿಸಬಾರದು. ಮತಯಂತ್ರಗಳ ಕಾಲದಲ್ಲಿ ಕೂಡ ಮತಗಟ್ಟೆಯ ಸಂಖ್ಯೆ ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಸಂಖ್ಯೆಯಿಂದ ಹೋಲಿಸದೆ ಮತಗಟ್ಟೆ ಇರುವ ಶಾಲೆಯ ಮತ್ತು ಊರಿನ ಹೆಸರಿನಿಂದ ಹೋಲಿಸಬೇಕು. ಅಂಚೆ ಮತಗಳು ಯಾವ ಊರಿಗೂ ಸೇರುವುದಿಲ್ಲ, ಅವುಗಳನ್ನು ಪ್ರತ್ಯೇಕವಾಗಿ ಇಡಬೇಕು. ಬಿಗಿ ಸ್ಪರ್ಧೆಗಳಲ್ಲಿ ಅವೇ ತೀರ್ಮಾನ ಬದಲಿಸುವಷ್ಟಿರುತ್ತವೆ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಮೇಲೆ.

ಪತ್ರಿಕೆಗಳ ಹಳೆಯ ಸಂಪುಟಗಳು, ವಿಧಾನಸಭೆಯ ಸದಸ್ಯರ ಪರಿಚಯ ಪುಸ್ತಿಕೆಗಳು, ಜಿಲ್ಲಾ ಗೆಜೆಟಿಯರುಗಳು ಅಭ್ಯರ್ಥಿಗಳ ಹಿನ್ನೆಲೆಗೆ ನೆರವಾಗುತ್ತವೆ. 2004ರಿಂದೀಚೆಗೆ ಅಭ್ಯರ್ಥಿಗಳ ಪ್ರಮಾಣಪತ್ರಗಳಲ್ಲಿ ಆಸ್ತಿ, ವಿದ್ಯೆ, ಮೊಕದ್ದಮೆಗಳ ವಿವರ ದೊರೆಯುತ್ತದೆ. ಊರಿನ ಹಿರಿಯರನ್ನು ಮಾತನಾಡಿಸುವುದಾದರೆ ಅಂಕಿಗಳನ್ನು ಮೊದಲೇ ಕೈಯಲ್ಲಿಟ್ಟುಕೊಂಡು ಹೋಗುವುದು ಲೇಸು; ಆಗ ಯಾರು ಗೆದ್ದರು ಎಂದು ಕೇಳುವ ಬದಲು, ಇಂಥ ವರ್ಷ ಈ ಹೋಬಳಿಯಲ್ಲಿ ಮತದಾನ ಇಷ್ಟು ಕಡಿಮೆಯಾದದ್ದೇಕೆ ಎಂದು ಕೇಳಬಹುದು.

ಇನ್ನೊಂದು ಕೆಲಸವನ್ನು ಈಗಲೇ ಮಾಡಿಟ್ಟುಕೊಳ್ಳಬೇಕು. ಸಂವಿಧಾನದ 84ನೇ ತಿದ್ದುಪಡಿ ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿದಿದೆ. ಆ ಜನಗಣತಿಯ ಬಳಿಕ ಗಡಿಗಳು ಮತ್ತೆ ಬದಲಾದಾಗ ಇಂದಿನ ಕೊಳ್ಳೇಗಾಲ, ವರುಣಾ, ಹನೂರುಗಳೂ ಹಳೆಯ ನಕ್ಷೆಗೆ ಸೇರುತ್ತವೆ. ಆದ್ದರಿಂದ 2023ರ ಮತದಾರರ ಪಟ್ಟಿಯ ಪ್ರಕಾರ ಕ್ಷೇತ್ರದ ಪ್ರತಿ ಮತಗಟ್ಟೆಯ ಸಂಖ್ಯೆ, ಅದು ಇರುವ ಕಟ್ಟಡ, ಅದಕ್ಕೆ ಸೇರುವ ಊರುಗಳು ಮತ್ತು ಹೋಬಳಿ ಇಷ್ಟನ್ನು ಒಂದು ಕೋಷ್ಟಕವಾಗಿ ಮಾಡಿ, ನಮೂನೆ 20ರ ಪ್ರತಿಯೊಂದಿಗೆ ಒಂದೇ ಕಡೆ ಇಟ್ಟುಕೊಳ್ಳಬೇಕು.